ಮುಗಿಯದೆ ನಿಂತ ಸಂಪರ್ಕಗಳು: ಸರ್ವರಿನ ನವೀಕರಣದ ಬಳಿಕ ತೋರುವ ಒಂದು ತೊಡಕಿನ ವಿವೇಚನೆ

ಇತಿಹಾಸ ವಿಭಾಗದ ವಾರ್ಷಿಕ ಸಂಶೋಧನ ಪತ್ರಿಕೆಯಲ್ಲಿ ಸರ್ವರಿನ ವಿಚಾರಕ್ಕೆ ಎಡೆಯೆಲ್ಲಿ ಎಂದು ಕೆಲವು ವಾಚಕರಿಗೆ ಅನಿಸಬಹುದು. ಬಿ. ಎಲ್. ರೈಸರು ೧೮೮೬ರಲ್ಲಿ ಆರಂಭಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಗ್ರಂಥಮಾಲೆಯನ್ನು ನೋಡಬೇಕಾದರೆ ನಮ್ಮ ಹಿಂದಿನ ತಲೆಮಾರಿನ ಅಧ್ಯಾಪಕರು ಗ್ರಂಥಭಂಡಾರದ ಬೀರುವಿನ ಮುಂದೆ ನಿಲ್ಲಬೇಕಾಗಿತ್ತು. ಈಗ ಆ ಸಂಪುಟಗಳ ಪುಟಗಳನ್ನು ವಿದ್ಯಾರ್ಥಿಗಳು ಕೆಂಗೇರಿಯ ಹಾಸ್ಟೆಲಿನಲ್ಲಿಯೋ ವಿಜಯನಗರದ ತಮ್ಮ ಮನೆಯಲ್ಲಿಯೋ ಕುಳಿತು ಸರ್ವರಿನ ಮೂಲಕ ತರಿಸಿಕೊಳ್ಳುತ್ತಾರೆ. ಆಕರವನ್ನು ತಲಪುವ ದಾರಿ ಕಟ್ಟಿಹೋದರೆ ಓದುಗನ ಮಟ್ಟಿಗೆ ಆಕರವೇ ಇಲ್ಲವಾದಂತೆ. ಆದುದರಿಂದ ಆ ದಾರಿಯ ಸ್ವರೂಪವನ್ನು ಅರಿತುಕೊಳ್ಳುವುದು ಆಕರವಿಮರ್ಶೆಗೆ ಹೊರಗಿನ ಕೆಲಸವೆಂದು ನಾವು ಭಾವಿಸುವುದಿಲ್ಲ.

ಸರ್ವರಿನ ಕಾರ್ಯವ್ಯವಸ್ಥೆಯನ್ನು ಹಳೆಯ ಆವೃತ್ತಿಯಿಂದ ಹೊಸತಕ್ಕೆ ಏರಿಸಿದ ಬಳಿಕ ಸಂಪರ್ಕಗಳು ನಡುವೆಯೇ ಸಿಕ್ಕಿಕೊಂಡು ನಿಲ್ಲುವುದುಂಟು. ಪುಟವು ಅರ್ಧ ಬಂದು ತಡೆಯುತ್ತದೆ. ಕೆಲವರಿಗೆ ತೆರೆಯುತ್ತದೆ, ಕೆಲವರಿಗೆ ತೆರೆಯುವುದಿಲ್ಲ. ಯಂತ್ರವನ್ನು ನಿಲ್ಲಿಸಿ ಮತ್ತೆ ಆರಂಭಿಸಿದರೆ ಎಲ್ಲವೂ ಸರಿಹೋದಂತೆ ತೋರಿ, ಕೆಲವು ಗಂಟೆಗಳಲ್ಲಿ ಹಿಂದಿನ ಸ್ಥಿತಿಯೇ ಮರುಕಳಿಸುತ್ತದೆ. ಈ ತೊಡಕು ಏಕೆ ಹುಟ್ಟುತ್ತದೆ, ಅದನ್ನು ಯಾವ ಕ್ರಮದಿಂದ ಪರಿಶೀಲಿಸತಕ್ಕದ್ದು ಎಂಬುದನ್ನು ಇಲ್ಲಿ ಸ್ಥೂಲವಾಗಿ ವಿವರಿಸಲು ಯತ್ನಿಸುತ್ತೇವೆ. ನಮ್ಮ ಮುಖ್ಯ ಪ್ರತಿಪಾದನೆ ಇಷ್ಟು: ಸಿಕ್ಕಿಕೊಂಡ ಪ್ರತಿಯೊಂದು ಸಂಪರ್ಕವೂ ಯಾರೋ ಒಬ್ಬರು ಸಲ್ಲಿಸದೆ ಉಳಿಸಿದ ಒಂದು ಮಾತಿನ ದಾಖಲೆ. ಆ ಮಾತು ಯಾರಿಂದ ಬರಬೇಕಾಗಿತ್ತು ಎಂಬುದನ್ನು ಓದದೆ ದಾಖಲೆಯನ್ನು ಅಳಿಸಿದರೆ ತೊಡಕೂ ಉಳಿಯುತ್ತದೆ, ನಿರಪರಾಧಿಗಳ ಮೇಲೆ ದೋಷವೂ ಬೀಳುತ್ತದೆ.

೧. ದೂರವಾಣಿಯ ಪೂರ್ವಚರಿತ್ರೆ

ಈ ತೊಡಕು ಕಂಪ್ಯೂಟರಿನೊಡನೆ ಹುಟ್ಟಿದುದಲ್ಲ. ಅಮೆರಿಕದ ಆಲ್ಮನ್ ಸ್ಟ್ರೌಜರನು ೧೮೯೧ರಲ್ಲಿ ಪೇಟೆಂಟು ಪಡೆದ ಸ್ವಯಂಚಾಲಿತ ದೂರವಾಣಿ ವಿನಿಮಯ ಕೇಂದ್ರದ ಪದ್ಧತಿಯೇ ಬಹುಕಾಲ ನಮ್ಮ ದೇಶದಲ್ಲಿಯೂ ನಡೆದುಬಂದಿತು. ಬೆಂಗಳೂರಿನ ಪೂರ್ವಭಾಗದ ದೂರವಾಣಿನಗರದಲ್ಲಿ ೧೯೪೮ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಮೊದಲು ತಯಾರಿಸಿದುದು ಈ ಸ್ಟ್ರೌಜರ್ ಸಲಕರಣೆಗಳನ್ನೇ. ಈ ಪದ್ಧತಿಯಲ್ಲಿ ಕರೆಯನ್ನು ಬಿಡಿಸುವ ಅಧಿಕಾರವು ಸಾಮಾನ್ಯವಾಗಿ ಕರೆದವನ ಕೈಯಲ್ಲಿತ್ತು. ಕರೆದವನು ರಿಸೀವರನ್ನು ಸರಿಯಾಗಿ ಕೆಳಗಿಡದೆ ಹೋದರೆ, ಕರೆಯನ್ನು ಸ್ವೀಕರಿಸಿದವನು ತನ್ನ ರಿಸೀವರನ್ನು ಎಷ್ಟು ಸಲ ಇಟ್ಟೆತ್ತಿದರೂ ಅವನ ತಂತಿ ಬಿಡುಗಡೆಯಾಗುತ್ತಿರಲಿಲ್ಲ. ಅವನ ಮನೆಯ ದೂರವಾಣಿ ಕೆಟ್ಟಿದೆಯೆಂದು ದೂರು ಹೋಗುತ್ತಿತ್ತು. ಕೆಟ್ಟದ್ದು ಅಲ್ಲಿ ಏನೂ ಇರುತ್ತಿರಲಿಲ್ಲ. ಋಣವು ಇನ್ನೊಂದು ತುದಿಯಲ್ಲಿತ್ತು.

ಅದೇ ಕಾರ್ಖಾನೆಯ ಮುಂದಿನ ಅಧ್ಯಾಯವು ನವೀಕರಣದ ಪ್ರಶ್ನೆಗೆ ಇನ್ನೂ ಹತ್ತಿರವಾದುದು. ೧೯೬೦ರ ದಶಕದಲ್ಲಿ ಸ್ಟ್ರೌಜರಿಗೆ ಬದಲಾಗಿ ಬೆಲ್ಜಿಯಮ್ ದೇಶದಿಂದ ‘ಪೆಂಟಾಕಾಂಟ’ ಎಂಬ ಕ್ರಾಸ್‌ಬಾರ್ ಪದ್ಧತಿಯನ್ನು ತರಲಾಯಿತು. ಸ್ಟ್ರೌಜರಿನಲ್ಲಿ ಪ್ರತಿಯೊಂದು ಕರೆಗೂ ತನ್ನದೇ ಆದ ಆಯ್ಕೆಯಂತ್ರಗಳ ಸಾಲಿದ್ದರೆ, ಕ್ರಾಸ್‌ಬಾರಿನಲ್ಲಿ ಕೆಲವೇ ನಿಯಂತ್ರಕಗಳು ಎಲ್ಲ ಕರೆಗಳಿಗೂ ಸರದಿಯಂತೆ ದಾರಿ ತೋರಿಸುತ್ತವೆ. ಯೂರೋಪಿನ ಬಳಕೆಗೆ ಹೊಂದುವಂತೆ ರಚಿತವಾಗಿದ್ದ ಈ ಪದ್ಧತಿಯು ನಮ್ಮ ದೊಡ್ಡ ನಗರಗಳಲ್ಲಿ ಕಷ್ಟಕ್ಕೀಡಾಯಿತು. ಇಲ್ಲಿ ದೂರವಾಣಿಗಳು ಕಡಿಮೆ, ಒಂದೊಂದು ತಂತಿಯ ಮೇಲೆ ಬೀಳುವ ಕರೆಗಳು ಬಹಳ. ಒಮ್ಮೆ ಫಲಿಸದ ಕರೆಯನ್ನು ಜನ ಕೂಡಲೇ ಮತ್ತೆ ಮತ್ತೆ ಮಾಡುತ್ತಿದ್ದರು. ಫಲಿಸದ ಕರೆಗಳೂ ನಿಯಂತ್ರಕವನ್ನು ಹಿಡಿದಿಡುತ್ತಿದ್ದುದರಿಂದ ಫಲಿಸಬಹುದಾಗಿದ್ದ ಕರೆಗಳಿಗೆ ಸರದಿಯೇ ಬರುತ್ತಿರಲಿಲ್ಲ. ಮುಂದೆ ಭಾರತೀಯ ಇಂಜಿನಿಯರುಗಳು ಈ ದೇಶದ ಬಳಕೆಗೆ ತಕ್ಕಂತೆ ಅದನ್ನು ತಿದ್ದಿ ರೂಪಿಸಬೇಕಾಯಿತು. ಹೊಸ ಯಂತ್ರವು ತಾನು ಹುಟ್ಟಿದ ಸ್ಥಳದ ನಡವಳಿಕೆಯನ್ನು ಹೇಳದೆಯೇ ಹೊತ್ತು ತರುತ್ತದೆ ಎಂಬುದು ಇದರಿಂದ ವಿದಿತವಾಗುವ ಸಂಗತಿ. ಸರ್ವರಿನ ವಿಷಯದಲ್ಲಿಯೂ ಇದೇ ಸೂತ್ರ ಅನ್ವಯಿಸುವುದನ್ನು ಮುಂದೆ ಕಾಣುವೆವು.

೨. ಆರಂಭ ಮತ್ತು ಮುಕ್ತಾಯದ ವಿಧಿ

ಇಂದು ಸರ್ವರುಗಳೊಡನೆ ನಡೆಯುವ ಮಾತುಕತೆಯ ಬಹುಭಾಗವು ಟಿ.ಸಿ.ಪಿ. ಎಂಬ ನಿಯಮಾವಳಿಗೆ ಒಳಪಟ್ಟಿದೆ. ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ ಎಂಬ ಅಮೆರಿಕದ ವಿದ್ವಾಂಸರು ೧೯೭೪ರಲ್ಲಿ ಇದರ ಮೂಲ ಕಲ್ಪನೆಯನ್ನು ಪ್ರಕಟಿಸಿದರು. ಜಾನ್ ಪೋಸ್ಟೆಲ್ ಸಂಪಾದಿಸಿದ ನಿಯಮಪಾಠವು ೧೯೮೧ರ ಸೆಪ್ಟೆಂಬರಿನಲ್ಲಿ ಹೊರಬಂದಿತು. ೧೯೮೩ರ ಜನವರಿ ೧ರಂದು ಆರ್ಪಾನೆಟ್ ಜಾಲವು ತನ್ನ ಹಳೆಯ ಪದ್ಧತಿಯನ್ನು ಕೈಬಿಟ್ಟು ಇದಕ್ಕೆ ಬದಲಾಯಿತು. ೧೯೮೬ರಲ್ಲಿ ಆರಂಭವಾದ ಅರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವೂ ಪಾಲುಗೊಂಡುದರಿಂದ ನಮ್ಮ ನಗರಕ್ಕೆ ಈ ವಿದ್ಯೆಯ ಪರಿಚಯ ಸಾಕಷ್ಟು ಮೊದಲೇ ಆಯಿತು. ೧೯೮೧ರ ಪಾಠವನ್ನು ಪರಿಷ್ಕರಿಸಿದ ಹೊಸ ಪಾಠವು ೨೦೨೨ರಲ್ಲಿ ಪ್ರಕಟವಾಗಿದೆಯಾದರೂ ಆರಂಭ ಮತ್ತು ಮುಕ್ತಾಯದ ವಿಧಿ ಮೂಲದಲ್ಲಿದ್ದಂತೆಯೇ ಇದೆ.

ಸಂಪರ್ಕವನ್ನು ಆರಂಭಿಸಲು ಮೂರು ಸಂದೇಶಗಳು ಸಾಕು. ಒಬ್ಬನು ಕರೆಯುತ್ತಾನೆ, ಇನ್ನೊಬ್ಬನು ಕರೆಯನ್ನು ಒಪ್ಪಿ ತಾನೂ ಕರೆಯುತ್ತಾನೆ, ಮೊದಲನೆಯವನು ಅದನ್ನು ಒಪ್ಪುತ್ತಾನೆ. ಮುಕ್ತಾಯಕ್ಕಾದರೋ ಸಾಧಾರಣವಾಗಿ ನಾಲ್ಕು ಸಂದೇಶಗಳು ಬೇಕು. ಏಕೆಂದರೆ ಮಾತು ಎರಡು ದಿಕ್ಕುಗಳಲ್ಲಿ ಹರಿಯುತ್ತಿರುತ್ತದೆ. ಒಂದು ಕಡೆಯವನು ‘ನನ್ನದು ಮುಗಿಯಿತು’ ಎಂದ ಮಾತ್ರಕ್ಕೆ ಇನ್ನೊಂದು ಕಡೆಯವನದು ಮುಗಿದಂತಾಗುವುದಿಲ್ಲ. ಪ್ರತಿಯೊಬ್ಬನೂ ತನ್ನ ಮುಕ್ತಾಯವನ್ನು ತಾನೇ ಹೇಳಬೇಕು, ಮತ್ತೊಬ್ಬನದಕ್ಕೆ ಒಪ್ಪಿಗೆ ಕೊಡಬೇಕು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ಎದುರಿನವನ ಮುಕ್ತಾಯದ ಸಂದೇಶಕ್ಕೆ ಒಪ್ಪಿಗೆ ಕಳುಹಿಸುವುದು ಕಾರ್ಯವ್ಯವಸ್ಥೆಯ ಒಳತಿರುಳಾದ ಕರ್ನೆಲ್. ಅದು ತಾನಾಗಿ ನಡೆಯುತ್ತದೆ. ಆದರೆ ನಮ್ಮ ಕಡೆಯ ಮುಕ್ತಾಯವನ್ನು ಹೇಳಬೇಕಾದುದು ಆ ಸಂಪರ್ಕವನ್ನು ಬಳಸುತ್ತಿರುವ ಪ್ರೋಗ್ರಾಮು. ಪ್ರೋಗ್ರಾಮು ಸುಮ್ಮನಿದ್ದರೆ ಕರ್ನೆಲ್ ಅದರ ಪರವಾಗಿ ಮಾತನಾಡಲಾರದು. ಕಾಗದ ತಲಪಿತೆಂದು ಅಂಚೆಯವನು ಸಹಿ ಪಡೆಯಬಹುದು. ಉತ್ತರವನ್ನು ಮನೆಯವರೇ ಬರೆಯಬೇಕು.

೩. ಸ್ಥಿತಿಗಳ ಹೆಸರು ಹೇಳುವ ಸಾಕ್ಷ್ಯ

ಸರ್ವರು ತನ್ನ ಪ್ರತಿಯೊಂದು ಸಂಪರ್ಕದ ಸ್ಥಿತಿಯನ್ನು ಒಂದು ಹೆಸರಿನಿಂದ ಗುರುತಿಸಿಟ್ಟಿರುತ್ತದೆ. ಲಿನಕ್ಸಿನಲ್ಲಿ ‘ಎಸ್‌ಎಸ್’ ಎಂಬ ಆಜ್ಞೆಯಿಂದಲೂ, ಹಳಬರಿಗೆ ಪರಿಚಿತವಾದ ‘ನೆಟ್‌ಸ್ಟ್ಯಾಟ್’ ಎಂಬುದರಿಂದಲೂ ಈ ಪಟ್ಟಿಯನ್ನು ಪಡೆಯಬಹುದು. ಹೆಸರುಗಳನ್ನು ಓದಬಲ್ಲವನಿಗೆ ಋಣ ಯಾರದೆಂಬುದು ಬಹುಮಟ್ಟಿಗೆ ಅಲ್ಲಿಯೇ ತಿಳಿಯುತ್ತದೆ.

‘ಟೈಮ್-ವೇಟ್’ ಎಂಬುದು ಮೊದಲು ಮುಕ್ತಾಯ ಹೇಳಿದವನು, ಎಲ್ಲವೂ ಕ್ರಮವಾಗಿ ಮುಗಿದ ಮೇಲೂ, ದಾರಿಯಲ್ಲಿ ತಡವಾದ ಸಂದೇಶಗಳೇನಾದರೂ ಇದ್ದಾವೆಂದು ಸ್ವಲ್ಪಕಾಲ ಕಾಯುವ ಸ್ಥಿತಿ. ೧೯೮೧ರ ಪಾಠದ ಲೆಕ್ಕದಂತೆ ಇದು ೪ ನಿಮಿಷ. ಲಿನಕ್ಸಿನಲ್ಲಿ ೬೦ ಸೆಕೆಂಡು. ಇಂಥವು ಸಾವಿರಗಟ್ಟಲೆ ಕಂಡರೂ ಸಾಮಾನ್ಯವಾಗಿ ಭಯಕ್ಕೆ ಕಾರಣವಿಲ್ಲ. ಸರ್ವರು ತಾನೇ ಇನ್ನೊಂದು ಯಂತ್ರದ ಒಂದೇ ದ್ವಾರಕ್ಕೆ ಎಡೆಬಿಡದೆ ಹೊಸ ಸಂಪರ್ಕಗಳನ್ನು ತೆರೆಯುತ್ತಿದ್ದರೆ ಮಾತ್ರ ತೊಂದರೆ. ಏಕೆಂದರೆ ಹಾಗೆ ತೆರೆಯಲು ಲಿನಕ್ಸ್ ಸಾಧಾರಣವಾಗಿ ಮೀಸಲಿಡುವ ಪೋರ್ಟುಗಳು ೩೨೭೬೮ರಿಂದ ೬೦೯೯೯ರವರೆಗೆ, ಒಟ್ಟು ೨೮,೨೩೨ ಮಾತ್ರ.

‘ಕ್ಲೋಸ್-ವೇಟ್’ ಎಂದರೆ ಎದುರಿನವನು ಮುಗಿಸಿದ್ದಾನೆ, ನಮ್ಮ ಪ್ರೋಗ್ರಾಮು ಮುಗಿಸಿಲ್ಲ. ಈ ಸ್ಥಿತಿಗೆ ನಿಯಮಪಾಠದಲ್ಲಿ ಕಾಲದ ಮಿತಿಯಿಲ್ಲ. ಪ್ರೋಗ್ರಾಮು ಬಾಯಿ ತೆರೆಯುವವರೆಗೆ ದಿನಗಟ್ಟಲೆ ನಿಲ್ಲಬಹುದು. ಇದರ ಸಂಖ್ಯೆ ಏರುತ್ತಲೇ ಹೋದರೆ ದೋಷವು ನಮ್ಮ ಯಂತ್ರದ ಪ್ರೋಗ್ರಾಮಿನದೇ. ತಂತಿಯನ್ನೂ ರೂಟರನ್ನೂ ಸಂಶಯಿಸುವುದು ವ್ಯರ್ಥ. ‘ಫಿನ್-ವೇಟ್-೨’ ಇದರ ಪ್ರತಿರೂಪ: ನಾವು ಮುಗಿಸಿದ್ದೇವೆ, ಎದುರಿನವನು ಹೇಳಿಲ್ಲ.

‘ಎಸ್ಟಾಬ್ಲಿಷ್ಡ್’ ಎಂದು ಕಾಣುವ, ಆದರೆ ಜೀವವಿಲ್ಲದ ಸಂಪರ್ಕಗಳು ಮತ್ತೊಂದು ವರ್ಗ. ಎರಡು ತುದಿಗಳ ನಡುವಣ ರೂಟರು ಬಹಳ ಹೊತ್ತು ಮಾತಿಲ್ಲದ ಸಂಪರ್ಕವನ್ನು ತನ್ನ ಪಟ್ಟಿಯಿಂದ ತೆಗೆದುಹಾಕುತ್ತದೆ; ತುದಿಗಳಿಗೆ ಅದು ತಿಳಿಯುವುದಿಲ್ಲ. ತುದಿಯಲ್ಲಿರುವ ಯಂತ್ರವು ‘ಇದ್ದೀಯಾ’ ಎಂದು ವಿಚಾರಿಸುವ ಏರ್ಪಾಡು ಇದೆಯಾದರೂ, ರೂಢಿಯಂತೆ ಅದು ಮೊದಲು ವಿಚಾರಿಸುವುದು ೨ ಗಂಟೆಗಳ ಮೌನದ ಬಳಿಕ. ಅದೂ ಪ್ರೋಗ್ರಾಮು ಕೇಳಿಕೊಂಡಿದ್ದರೆ ಮಾತ್ರ. ನಡುವಣ ರೂಟರುಗಳು ಕನಿಷ್ಠಪಕ್ಷ ೨ ಗಂಟೆ ೪ ನಿಮಿಷ ನೆನಪಿಟ್ಟುಕೊಳ್ಳಬೇಕೆಂದು ೨೦೦೮ರಲ್ಲಿ ನಿಯಮಿಸಿದುದು ಈ ಕಾರಣದಿಂದಲೇ. ಎಲ್ಲ ರೂಟರುಗಳೂ ಅದನ್ನು ಪಾಲಿಸುವುದಿಲ್ಲ.

ಕೊನೆಯದಾಗಿ, ಚಿಕ್ಕ ಉತ್ತರಗಳು ಬಂದು ದೊಡ್ಡ ಪುಟಗಳು ಮಾತ್ರ ನಿಂತುಹೋಗುವ ಪ್ರಕರಣ. ಈಥರ್‌ನೆಟ್ಟಿನಲ್ಲಿ ಒಂದು ಕಂತು ೧೫೦೦ ಬೈಟುಗಳಷ್ಟಿರಬಹುದು. ಕೆಲವು ಮನೆಸಂಪರ್ಕಗಳಲ್ಲಿ ೧೪೯೨ ಮಾತ್ರ. ಕಂತು ದೊಡ್ಡದಾದರೆ ‘ಚಿಕ್ಕದು ಮಾಡಿ ಕಳುಹಿಸು’ ಎಂದು ದಾರಿಯಲ್ಲಿನ ರೂಟರು ಹಿಂದಕ್ಕೆ ತಿಳಿಸುತ್ತದೆ. ನವೀಕರಣದೊಡನೆ ಬಂದ ಹೊಸ ಫೈರ್‌ವಾಲ್ ಆ ಸೂಚನೆಯನ್ನೇ ತಡೆದುಬಿಟ್ಟರೆ, ಸರ್ವರು ದೊಡ್ಡ ಕಂತನ್ನೇ ಪುನಃ ಪುನಃ ಕಳುಹಿಸುತ್ತ ಕೂರುತ್ತದೆ. ಗ್ರಂಥದ ಸೂಚಿ ತೆರೆದು ಪುಟದ ಚಿತ್ರ ತೆರೆಯದಿದ್ದರೆ ಈ ಕಾರಣವನ್ನೂ ಪರಿಶೀಲಿಸಬೇಕು.

೪. ನವೀಕರಣವು ಏನನ್ನು ಬದಲಾಯಿಸುತ್ತದೆ

ಹಳೆಯ ವ್ಯವಸ್ಥೆಯಲ್ಲಿ ಬರೆದಿಟ್ಟ ನಿಯಮಗಳ ಜೊತೆಗೆ ಬರೆಯದ ವಾಡಿಕೆಗಳೂ ಇರುತ್ತವೆ. ನವೀಕರಣವು ನಿಯಮಗಳನ್ನು ಉಳಿಸಿ ವಾಡಿಕೆಗಳನ್ನು ಹಿಂತೆಗೆದುಕೊಳ್ಳುವುದುಂಟು. ಆಗ ಅದುವರೆಗೆ ಯಾರೋ ಸದ್ದಿಲ್ಲದೆ ತೀರಿಸುತ್ತಿದ್ದ ಋಣವು ಬೆಳಕಿಗೆ ಬರುತ್ತದೆ.

ಪಶ್ಚಿಮ ಬೆಂಗಳೂರಿನ ಒಂದು ಕಾಲೇಜಿನಲ್ಲಿ, ಶಾಸನ ಸಂಪುಟಗಳ ಮತ್ತು ಹಳೆಯ ವರದಿಗಳ ಪುಟಚಿತ್ರಗಳನ್ನು ಒದಗಿಸುತ್ತಿದ್ದ ಸರ್ವರಿಗೆ ರಜೆಯಲ್ಲಿ ನವೀಕರಣವಾಯಿತು. ತರಗತಿಗಳು ಆರಂಭವಾದ ಮೇಲೆ ಅದು ಬೆಳಗ್ಗೆ ಚೆನ್ನಾಗಿ ನಡೆದು ಮಧ್ಯಾಹ್ನದ ಹೊತ್ತಿಗೆ ನಿಲ್ಲತೊಡಗಿತು. ನಿರ್ವಹಣೆಯನ್ನು ವಹಿಸಿಕೊಂಡಿದ್ದವರು ದಿನವೂ ಯಂತ್ರವನ್ನು ಪುನರಾರಂಭ ಮಾಡುತ್ತಿದ್ದರು. ದೋಷವನ್ನು ಮೊದಲು ವಿದ್ಯಾರ್ಥಿಗಳ ಮೊಬೈಲುಗಳ ಮೇಲೂ, ಬಳಿಕ ಹಾಸ್ಟೆಲಿನ ಸಂಪರ್ಕದ ಮೇಲೂ ಹೊರಿಸಲಾಯಿತು. ಒಂದು ರೂಟರನ್ನು ಬದಲಾಯಿಸಿದ್ದೂ ಆಯಿತು. ಪ್ರಬಂಧ ಒಪ್ಪಿಸುವ ಗಡುವು ಸಮೀಪಿಸಿತ್ತು. ಸಂಜೆಯ ಹೊತ್ತು ಮಾತ್ರ ಬಿಡುವಿದ್ದ, ಹಗಲು ಕೆಲಸಕ್ಕೆ ಹೋಗುವ ವಿದ್ಯಾರ್ಥಿಗಳಿಗೆ ಆಕರಗಳು ದೊರೆಯಲೇ ಇಲ್ಲ. ಅವರು ಮೂಲವನ್ನು ನೋಡದೆ ಬರೆದಿದ್ದಾರೆಂಬ ಆಕ್ಷೇಪಣೆಯೂ ಕೇಳಿಬಂದಿತು.

ಪುನರಾರಂಭಕ್ಕೆ ಮೊದಲು ಸಂಪರ್ಕಗಳ ಪಟ್ಟಿಯನ್ನು ಪ್ರತಿ ಮಾಡಿಟ್ಟುಕೊಳ್ಳಬೇಕೆಂದು ನಾವು ಕೋರಿದೆವು. ಪಟ್ಟಿ ದೊರೆತ ದಿನವೇ ವಿಷಯ ಸ್ಪಷ್ಟವಾಯಿತು. ನಿಂತಿದ್ದ ಸಂಪರ್ಕಗಳಲ್ಲಿ ಬಹುಪಾಲು ‘ಕ್ಲೋಸ್-ವೇಟ್’ ಸ್ಥಿತಿಯವು; ಎಲ್ಲವೂ ಸರ್ವರಿನ ಮತ್ತು ಪುಟಚಿತ್ರಗಳನ್ನು ಇರಿಸಿದ್ದ ಪಕ್ಕದ ಯಂತ್ರದ ನಡುವಿನವು. ವಿದ್ಯಾರ್ಥಿಗಳ ಮೊಬೈಲುಗಳೂ ಹಾಸ್ಟೆಲೂ ಆ ಪಟ್ಟಿಯಲ್ಲಿ ಎಲ್ಲಿಯೂ ಆರೋಪಿಗಳಾಗಿರಲಿಲ್ಲ. ಹಳೆಯ ವ್ಯವಸ್ಥೆಯೊಡನೆ ಬಂದಿದ್ದ ಲೈಬ್ರರಿಯು ಚಿತ್ರವನ್ನು ತಂದುಕೊಟ್ಟ ಮೇಲೆ ಸಂಪರ್ಕವನ್ನು ತಾನೇ ಮುಗಿಸುತ್ತಿತ್ತು. ಹೊಸ ಲೈಬ್ರರಿಯು ಅದನ್ನು ಮರುಬಳಕೆಗೆಂದು ತೆರೆದಿಟ್ಟು, ಕೆಲಸವಾಯಿತೆಂದು ಪ್ರೋಗ್ರಾಮು ಹೇಳಲಿ ಎಂದು ಕಾಯುತ್ತಿತ್ತು. ಪ್ರೋಗ್ರಾಮಿಗೆ ಹಾಗೆ ಹೇಳುವ ಅಭ್ಯಾಸವೇ ಇರಲಿಲ್ಲ. ಲಿನಕ್ಸಿನಲ್ಲಿ ಒಂದು ಪ್ರೋಗ್ರಾಮು ಏಕಕಾಲದಲ್ಲಿ ತೆರೆದಿಡಬಹುದಾದ ಕಡತ ಮತ್ತು ಸಂಪರ್ಕಗಳ ಮಿತಿ ರೂಢಿಯಂತೆ ೧೦೨೪. ಒಂದೊಂದು ಪುಟ ನೋಡಿದಾಗಲೂ ಒಂದೊಂದು ಸಂಪರ್ಕ ಉಳಿಯುತ್ತ ಹೋಗಿ ಮಧ್ಯಾಹ್ನಕ್ಕೆ ಆ ಮಿತಿ ಮುಟ್ಟುತ್ತಿತ್ತು. ಪ್ರೋಗ್ರಾಮಿನಲ್ಲಿ ಮುಕ್ತಾಯದ ಆಜ್ಞೆಯನ್ನು ಸೇರಿಸಿದ ಮೇಲೆ ತೊಡಕು ನಿಂತಿತು.

ಇನ್ನೊಂದು ಪ್ರಕರಣವು ಲಿನಕ್ಸಿನ ಚರಿತ್ರೆಗೇ ಸೇರಿದುದು. ‘ಟೈಮ್-ವೇಟ್’ ಸಂಪರ್ಕಗಳನ್ನು ಬೇಗ ವಿಲೇವಾರಿ ಮಾಡಲು ಅದರಲ್ಲಿ ‘ಟಿ.ಸಿ.ಪಿ. ಟಿ.ಡಬ್ಲ್ಯು. ರೀಸೈಕಲ್’ ಎಂಬ ಐಚ್ಛಿಕ ಏರ್ಪಾಡಿತ್ತು. ಅದನ್ನು ಜಾರಿಯಲ್ಲಿಟ್ಟ ಸರ್ವರು, ಒಂದೊಂದು ವಿಳಾಸದಿಂದ ಬಂದ ಕೊನೆಯ ಸಂದೇಶದ ಕಾಲಮುದ್ರೆಯನ್ನು ನೆನಪಿಟ್ಟುಕೊಂಡು, ಮುಂದಿನ ಸುಮಾರು ಒಂದು ನಿಮಿಷದೊಳಗೆ ಅದಕ್ಕಿಂತ ಹಿಂದಿನ ಕಾಲಮುದ್ರೆಯುಳ್ಳ ಕರೆ ಬಂದರೆ ಉತ್ತರವನ್ನೇ ಕೊಡುತ್ತಿರಲಿಲ್ಲ. ವಿಳಾಸಕ್ಕೊಂದೇ ಯಂತ್ರವೆಂಬ ನಂಬಿಕೆ ಇದರ ಹಿಂದಿತ್ತು. ಆದರೆ ಹಾಸ್ಟೆಲಿನಲ್ಲಿ ನೂರಾರು ವಿದ್ಯಾರ್ಥಿಗಳು ಹೊರಜಗತ್ತಿಗೆ ಒಂದೇ ವಿಳಾಸದಿಂದ ಕಾಣಿಸಿಕೊಳ್ಳುತ್ತಾರೆ. ಮೊಬೈಲ್ ಜಾಲಗಳಲ್ಲಿಯೂ ಹಾಗೆಯೇ. ಒಬ್ಬೊಬ್ಬರ ಯಂತ್ರದ ಕಾಲಮುದ್ರೆಯೂ ಬೇರೆ. ಮುಂದಿನ ಮುದ್ರೆಯವನಿಗೆ ಬಾಗಿಲು ತೆರೆದು, ಹಿಂದಿನ ಮುದ್ರೆಯವನಿಗೆ ಮುಚ್ಚಿರುತ್ತಿತ್ತು. ೨೦೧೭ರ ಫೆಬ್ರವರಿಯಲ್ಲಿ ಬಂದ ೪.೧೦ನೆಯ ಕರ್ನೆಲ್ ಆವೃತ್ತಿಯು ಸಂಪರ್ಕಕ್ಕೊಂದರಂತೆ ಕಾಲಮುದ್ರೆಯ ಆರಂಭವನ್ನು ಬದಲಾಯಿಸಿದುದರಿಂದ ಈ ಏರ್ಪಾಡಿನ ಆಧಾರವೇ ಕುಸಿಯಿತು. ಅದೇ ವರ್ಷ ಜುಲೈನಲ್ಲಿ ಬಂದ ೪.೧೨ರಲ್ಲಿ ಅದನ್ನು ತೆಗೆದೇಹಾಕಿದರು.

ಇದರಿಂದ ನವೀಕರಣದ ಬಳಿಕ ಎರಡು ಸಂಗತಿಗಳು ಕಾಣಬರುತ್ತವೆ. ಹಳೆಯ ನಿಯಮಕಡತದಲ್ಲಿ ಆ ಹೆಸರಿನ ಸಾಲು ಉಳಿದಿದ್ದರೆ ‘ಇಂಥದೊಂದು ಇಲ್ಲ’ ಎಂಬ ದೂರು ಬರುತ್ತದೆ. ‘ಟೈಮ್-ವೇಟ್’ ಸಂಖ್ಯೆ ಒಮ್ಮೆಗೇ ಏರುತ್ತದೆ. ಎರಡನ್ನೂ ಕಂಡ ನಿರ್ವಾಹಕನು ಹೊಸ ವ್ಯವಸ್ಥೆಯನ್ನೇ ಅಪರಾಧಿಯೆಂದು ತೀರ್ಮಾನಿಸುವ ಸಂಭವವುಂಟು. ವಾಸ್ತವವಾಗಿ ಆ ಏರಿಕೆ ಆರೋಗ್ಯದ ಲಕ್ಷಣ. ಹಿಂದೆ ಹೊರಗೆ ನಿಂತಿದ್ದವರು ಈಗ ಒಳಗೆ ಬರುತ್ತಿರಬಹುದು.

೫. ಪರಿಶೀಲನೆಯ ಕ್ರಮ

ಶಾಸನದ ಕಲ್ಲನ್ನು ತೊಳೆಯುವಾಗ ಅಕ್ಷರ ಸವೆಯದಂತೆ ನೋಡಿಕೊಳ್ಳುತ್ತೇವೆ; ಕಲ್ಲನ್ನು ಸ್ಥಳದಿಂದ ಎತ್ತುವ ಮೊದಲು ಅಚ್ಚು ತೆಗೆಯುತ್ತೇವೆ. ಇಲ್ಲಿಯೂ ಮೊದಲನೆಯ ಕೆಲಸ ಅದೇ. ಯಂತ್ರವನ್ನು ಪುನರಾರಂಭ ಮಾಡಿದೊಡನೆ ಎಲ್ಲ ಸ್ಥಿತಿಗಳೂ ಅಳಿಸಿಹೋಗುತ್ತವೆ. ಆದುದರಿಂದ ಸಂಪರ್ಕಗಳ ಪೂರ್ಣ ಪಟ್ಟಿಯನ್ನೂ ಲಾಗ್ ಕಡತಗಳನ್ನೂ, ತೆಗೆದ ಹೊತ್ತನ್ನು ನಮೂದಿಸಿ, ಮೊದಲು ಪ್ರತಿ ಮಾಡಿಡತಕ್ಕದ್ದು. ಇದಕ್ಕೆ ಒಂದೆರಡು ನಿಮಿಷ ಸಾಕು. ಜನರ ಅನುಕೂಲಕ್ಕಾಗಿ ಆ ಬಳಿಕ ಪುನರಾರಂಭ ಮಾಡುವುದಕ್ಕೆ ಅಡ್ಡಿಯಿಲ್ಲ.

ಎರಡನೆಯದಾಗಿ, ಪಟ್ಟಿಯನ್ನು ಸ್ಥಿತಿಗಳ ಪ್ರಕಾರ ವಿಂಗಡಿಸಿ ಎಣಿಸಬೇಕು. ಒಂದೇ ಎಣಿಕೆಯಿಂದ ತೃಪ್ತರಾಗದೆ ಅರ್ಧ ಗಂಟೆಗೊಮ್ಮೆ ಎಣಿಸಬೇಕು. ಏರುತ್ತ ಹೋಗುವ ಸ್ಥಿತಿ ಯಾವುದೋ ಅದರಲ್ಲಿಯೇ ಋಣವಿದೆ. ಮೂರನೆಯದಾಗಿ, ಪಟ್ಟಿಯಲ್ಲಿ ಬಂದ ಮತ್ತು ಹೋಗಬೇಕಾದ ಬೈಟುಗಳ ಎರಡು ಸರದಿಗಳನ್ನು ನೋಡಬೇಕು. ಬಂದವುಗಳ ಸರದಿ ತುಂಬಿದ್ದರೆ ನಮ್ಮ ಪ್ರೋಗ್ರಾಮು ಓದುತ್ತಿಲ್ಲ. ಹೋಗಬೇಕಾದವುಗಳ ಸರದಿ ತುಂಬಿದ್ದರೆ ಆಚೆಯಿಂದ ಒಪ್ಪಿಗೆ ಬರುತ್ತಿಲ್ಲ. ನಾಲ್ಕನೆಯದಾಗಿ, ಯಾವ ಪ್ರೋಗ್ರಾಮು, ಯಾವ ವಿಳಾಸದೊಡನೆ ಎಂಬುದನ್ನು ಗುರುತಿಸಬೇಕು. ಐದನೆಯದಾಗಿ, ನವೀಕರಣದಲ್ಲಿ ಬದಲಾದ ಕರ್ನೆಲ್, ಲೈಬ್ರರಿ, ಫೈರ್‌ವಾಲ್ ಮತ್ತು ಮಿತಿಗಳ ಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟು ಹೋಲಿಸಬೇಕು. ಕೊನೆಗೆ ತಿದ್ದುಪಡಿಯನ್ನು ಒಂದೊಂದಾಗಿ ಮಾಡಿ ಪ್ರತಿಯೊಂದರ ಫಲವನ್ನೂ ಬರೆದಿಡಬೇಕು. ಐದಾರು ಬದಲಾವಣೆಗಳನ್ನು ಒಟ್ಟಿಗೆ ಮಾಡಿ ಗುಣ ಕಂಡರೆ, ಯಾವುದರಿಂದ ಗುಣವಾಯಿತೆಂಬುದು ಎಂದಿಗೂ ತಿಳಿಯದು.

ತೆರೆದಿಡಬಹುದಾದ ಸಂಪರ್ಕಗಳ ಮಿತಿಯನ್ನು ೧೦೨೪ರಿಂದ ಹಲವು ಪಟ್ಟು ಏರಿಸಿಬಿಡುವುದು ಕೆಲವರ ಚಿಕಿತ್ಸೆ. ಕೇಳುವವರು ನಿಜವಾಗಿಯೂ ಹೆಚ್ಚಾಗಿದ್ದರೆ ಅದು ಯುಕ್ತವೇ. ಮುಕ್ತಾಯ ಹೇಳದ ಪ್ರೋಗ್ರಾಮಿಗೆ ಮಾತ್ರ ಅದು ಸಾಲಗಾರನಿಗೆ ಇನ್ನಷ್ಟು ಸಾಲ ಕೊಟ್ಟಂತೆ. ಮಧ್ಯಾಹ್ನ ನಿಲ್ಲುತ್ತಿದ್ದುದು ವಾರಕ್ಕೊಮ್ಮೆ ನಿಲ್ಲುತ್ತದೆ, ಕಾರಣವನ್ನು ಹುಡುಕುವುದು ಅಷ್ಟರಮಟ್ಟಿಗೆ ಕಷ್ಟವಾಗುತ್ತದೆ.

ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ಕಾರ್ಯದಲ್ಲಿ ಕೇವಲ ದೂರುದಾರರಾಗಿ ಉಳಿಯಬೇಕಾಗಿಲ್ಲ. ‘ಸರ್ವರ್ ಕೆಟ್ಟಿದೆ’ ಎಂಬ ದೂರಿನಿಂದ ಏನೂ ತಿಳಿಯುವುದಿಲ್ಲ. ಎಷ್ಟು ಹೊತ್ತಿಗೆ ನಿಂತಿತು, ಕಾಲೇಜಿನ ಜಾಲದಲ್ಲಿಯೋ ಮನೆಯಲ್ಲಿಯೋ, ಬಾಗಿಲೇ ತೆರೆಯಲಿಲ್ಲವೋ ಅಥವಾ ತೆರೆದು ಪುಟ ನಿಂತಿತೋ, ಚಿಕ್ಕ ಪುಟಗಳು ಬಂದವೇ, ಪಕ್ಕದಲ್ಲಿದ್ದವರಿಗೆ ಅದೇ ಕ್ಷಣದಲ್ಲಿ ತೆರೆಯಿತೇ ಎಂಬ ಐದು ವಿವರಗಳನ್ನು ಬರೆದುಕೊಟ್ಟರೆ ಮೇಲೆ ಹೇಳಿದ ವರ್ಗಗಳಲ್ಲಿ ಹಲವನ್ನು ಯಂತ್ರವನ್ನು ಮುಟ್ಟುವ ಮೊದಲೇ ಬದಿಗಿಡಬಹುದು. ಇಂಥ ಟಿಪ್ಪಣಿಗಳನ್ನು ಪ್ರತಿಯೊಂದು ವಿಭಾಗವೂ ಒಂದು ಪುಸ್ತಕದಲ್ಲಿ ದಿನಾಂಕಸಹಿತವಾಗಿ ಇರಿಸುವುದು ಒಳ್ಳೆಯದು. ಮುಂದಿನ ನವೀಕರಣದ ಹೊತ್ತಿಗೆ ಈಗಿರುವ ನಿರ್ವಾಹಕರು ಇಲ್ಲಿರಲಾರರು. ಯಾವ ವಾಡಿಕೆ ಎಂದು ತಪ್ಪಿತು, ಅದರ ಭಾರ ಯಾರ ಮೇಲೆ ಬಿದ್ದಿತು ಎಂಬುದನ್ನು ಅವರ ಬಳಿಕ ಬಂದವರಿಗೆ ಆ ಪುಸ್ತಕವೇ ತಿಳಿಸಬೇಕಾಗುವುದು.